ಕಡ್ಡಿ, ಡಬ್ಬಿ, ಗುಂಟೂರು: ಮೂರು ಪುಡಿ, ಒಂದೇ ಎಣ್ಣೆಗಾಯಿ

ಈ ಸಲ ಬ್ಯಾಡಗಿಗೆ ಹೋದಾಗ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ, ಕಡ್ಡಿ ಮತ್ತು ಡಬ್ಬಿ, ಜೊತೆಗೆ ಗುಂಟೂರು ಮೆಣಸಿನಕಾಯಿ ಒಂದೊಂದು ಕಿಲೋ ತಂದೆ. ಎರಡು ದಿನ ಬಿಸಿಲಿಗೆ ಹಾಕಿ, ತೊಟ್ಟು ಮುರಿದು, ಹುಬ್ಬಳ್ಳಿಯಲ್ಲಿ ಖಾರ ಕುಟ್ಟುವ ಗಿರಣಿಗೆ ಒಯ್ದೆ. ಬೇರೆಬೇರೆ ಕುಟ್ಟಿಕೊಡಿ ಅಂದಿದ್ದಕ್ಕೆ ಗಿರಣಿಯವರು, 'ಕಿಲೋಕ್ಕೊಮ್ಮೆ ಝಾಡಿಸಬೇಕೇನ್ರೀ?' ಎಂದು ಗೊಣಗಿದರು.

ಮನೆಯಲ್ಲಿ ಮೂರು ಬಾಣಲೆ ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಅದೇ ಶೇಂಗಾ, ಅದೇ ಗುರೆಳ್ಳು, ಖಾರವೂ ಅಳತೆಯಂತೆ ಒಂದೂವರೆ ಚಮಚ.

ಗುಂಟೂರಿನದನ್ನು ಮೊದಲು ತಿಂದಿದ್ದು ತಪ್ಪಾಯ್ತು. ಖಾರ ನೆತ್ತಿಗೇರಿತು, ಎಣ್ಣೆಯ ಬಣ್ಣ ಮಾತ್ರ ಪೇಲವ. ಒಂದು ತಂಬಿಗೆ ನೀರು ಕುಡಿದರೂ ಉರಿ ಹೋಗಲಿಲ್ಲ, ಎರಡು ಚಮಚ ಗಟ್ಟಿ ಮೊಸರು ತಿಂದ ಮೇಲೆ ತಣ್ಣಗಾಯ್ತು. ಖಾರದ ಅಂಶ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಬೀಜದಲ್ಲೇ ಖಾರ ಇರುತ್ತೆ ಅಂತ ನಾನೂ ನಂಬಿದ್ದೆ. ಅದು ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಂತೆ. ಕೆಂಪು ಬಣ್ಣಕ್ಕೆ ಕಾರಣವಾದ ವಸ್ತುವೇ ಬೇರೆ. ಹಾಗಾಗಿ ಕೆಂಪಗಿದ್ದ ಮಾತ್ರಕ್ಕೆ ಜಾಸ್ತಿ ಖಾರ ಅಂತ ಹೆದರಬೇಕಿಲ್ಲ.

ಇದು ಕಡ್ಡಿಯನ್ನು ನೋಡಿದರೆ ಗೊತ್ತಾಗುತ್ತದೆ. ಉದ್ದಕ್ಕೆ, ತೆಳ್ಳಗೆ, ಮೈಯೆಲ್ಲ ಸುಕ್ಕು, ಮುರಿದರೆ ಒಳಗೆ ಬೀಜ ಕಡಿಮೆ. ಬಿಸಿ ಎಣ್ಣೆಗೆ ಪುಡಿ ಬಿದ್ದ ಕೂಡಲೇ ಬದನೆಕಾಯಿಯ ಸುತ್ತ ಕೆಂಪು ಹರಡಿಕೊಂಡಿತು, ತಿಂದರೆ ನಾಲಿಗೆಗೆ ಮೆತ್ತಗೆ. ಈ ಬಣ್ಣಕ್ಕಾಗಿಯೇ ಬ್ಯಾಡಗಿ ಕಾಯಿಯಿಂದ ಓಲಿಯೋರೆಸಿನ್ ಎಂಬ ಕೆಂಪು ಎಣ್ಣೆಯಂಥ ಸಾರ ತೆಗೆಯುತ್ತಾರೆ, ಅದು ಲಿಪ್‌ಸ್ಟಿಕ್‌ಗೂ ಹೋಗುತ್ತದೆ! ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಇದು ಈ ಸೀಮೆಯದೇ ವಿಶೇಷ ಎನ್ನುವ ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ಆದರೆ ಆ ಮಾರುಕಟ್ಟೆಗೆ ಬರುವ ಕಾಯೆಲ್ಲ ಅಲ್ಲೇ ಬೆಳೆದದ್ದಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಚೀಲ ಬಂದು ಬೀಳುತ್ತವೆ. ಕೇಳಿ ತಗೊಳ್ಳಿ.

ಡಬ್ಬಿ ಗಿಡ್ಡ, ಗುಂಡಗೆ, ಬೀಜ ಜಾಸ್ತಿ. ಖಾರ ಕಡ್ಡಿಗಿಂತ ಒಂದು ಕೈ ಮೇಲು, ಘಮವೂ ಹಾಗೇ. ಎಣ್ಣೆಗಾಯಿ ಮಟ್ಟಿಗೆ ನನ್ನ ವೋಟು ಇದಕ್ಕೇ.

ದಿನದ ಸಾರು, ಪಲ್ಯಕ್ಕೆ ಮಾತ್ರ ನಾಲ್ಕು ಪಾಲು ಕಡ್ಡಿಗೆ ಒಂದು ಪಾಲು ಗುಂಟೂರು ಬೆರೆಸಿಟ್ಟಿದ್ದೇನೆ. ಡಬ್ಬಿಯ ಪುಡಿಯನ್ನು ಅವ್ವ ಮಸಾಲೆಗೆ ಬೇಕು ಅಂತ ಎತ್ತಿಟ್ಟುಕೊಂಡಿದ್ದಾಳೆ, ಎಲ್ಲಿ ಅಂತ ನನಗೂ ಹೇಳಿಲ್ಲ.