ಪಾಲಿಹೌಸಿನಲ್ಲಿ ಬಟರ್‌ನಟ್, ಕಬೋಚಾ, ಅರ್ಕಾ ಚಂದನ್: ಮೂರು ಚಳಿಗಾಲಗಳ ಬಳಿಕ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿರುವ ನಮ್ಮ 10 ಗುಂಟೆಯ ಪಾಲಿಹೌಸಿನಲ್ಲಿ ದೊಣ್ಣೆ ಮೆಣಸಿನಕಾಯಿಗೆ ಮೀಸಲಾದ ಮಡಿಗಳ ಪೈಕಿ ಎರಡನ್ನು ಮೂರು ವರ್ಷಗಳಿಂದ ಕುಂಬಳಕ್ಕೆ ಬಿಟ್ಟಿದ್ದೇನೆ. ಮೊದಲ ವರ್ಷ ಬಟರ್‌ನಟ್ ಎಂಬ ಕುಂಬಳದ ಬೀಜದ ಪೊಟ್ಟಣದ ಮೇಲೆ ಪಾಲಿಹೌಸಿಗೂ ಸೂಕ್ತ ಎಂದು ಮುದ್ರಿಸಿದ್ದನ್ನು ನಂಬಿ ತಂದೆ. ಬಳ್ಳಿಗಳು ಐದು ವಾರಗಳಲ್ಲೇ ತಂತಿಯ ಎತ್ತರ ಮುಟ್ಟಿ ಹೂ ತುಂಬಿ ನಿಂತವು. ಆದರೆ ಒಂದೊಂದು ಹೀಚೂ ಹೆಬ್ಬೆರಳಿನಷ್ಟಾದ ಕೂಡಲೇ ಹಳದಿಗೆ ತಿರುಗಿ ಉದುರಿತು. ಬೋರಾನ್ ಕೊರತೆ ಇರಬಹುದೆಂದು ಸಿಂಪಡಿಸಿದೆ, ಹನಿ ನೀರಾವರಿಯ ಅವಧಿಯನ್ನು ಹೆಚ್ಚಿಸಿ, ಮತ್ತೆ ಇಳಿಸಿ ನೋಡಿದೆ, ಹೀಗೆ ಒಂದು ತಿಂಗಳನ್ನೂ ಹಣವನ್ನೂ ಕಳೆದೆ.

ಕಾರಣ ನಾನೇ ಕಟ್ಟಿಸಿದ ಪರದೆಯಲ್ಲಿತ್ತು. ಬಿಳಿ ನೊಣವನ್ನು ತಡೆಯುವ ಬಲೆ ಜೇನುನೊಣವನ್ನೂ ಹೊರಗೇ ನಿಲ್ಲಿಸುತ್ತದೆ. ಮೆಣಸಿನಕಾಯಿಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ ಇಷ್ಟು ವರ್ಷ ಜೇನಿನ ಅಗತ್ಯವೇ ನನ್ನ ಗಮನಕ್ಕೆ ಬಂದಿರಲಿಲ್ಲ. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಪರಾಗವನ್ನು ಯಾರಾದರೂ ಹೊತ್ತು ತಲುಪಿಸಲೇಬೇಕು. ಮುಚ್ಚಿದ ಮನೆಯಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಬೇಕು ಎಂಬ ಒಂದು ಸಾಲನ್ನು ಆ ಪೊಟ್ಟಣದ ಮೇಲೆ ಹಾಕಿದ್ದರೆ ಒಬ್ಬ ರೈತನ ಒಂದು ಹಂಗಾಮು ಉಳಿಯುತ್ತಿತ್ತು. ಈ ಮಾತನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ.

ಎರಡನೆಯ ವರ್ಷದಿಂದ ನನ್ನ ಬೆಳಗು ಬದಲಾಯಿತು. ಚಹಾ ಕುಡಿದು ಆರೂವರೆಗೆ ಒಳಹೊಕ್ಕು, ಆಗತಾನೇ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತು, ಎಸಳುಗಳನ್ನು ಬಿಡಿಸಿ, ಉಳಿದ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರುತ್ತೇನೆ. ಬಿಸಿಲೇರುವಷ್ಟರಲ್ಲಿ ಹೂವು ಮುದುಡುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಮುಗಿದ ಹೂವಿನ ತೊಟ್ಟಿಗೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟುತ್ತೇನೆ. ನಾಲ್ಕಾರು ದಿನಗಳಲ್ಲಿ ನೂಲಿನ ಕೆಳಗಿನ ಹೀಚು ಹಸಿರಾಗಿ ಉಬ್ಬಿರುವುದನ್ನು ಕಂಡಾಗ ಆಗುವ ಸಂತೋಷ ನನಗೆ ಹಿಂದೆ ಯಾವ ಬೆಳೆಯಲ್ಲೂ ಸಿಕ್ಕಿರಲಿಲ್ಲ.

ಈ ಕೆಲಸದಿಂದಲೇ ತಳಿಗಳ ಗುಣವೂ ತಿಳಿಯಿತು. ಬಟರ್‌ನಟ್ ಮತ್ತು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಎರಡೂ ಮೊಸ್ಕಾಟಾ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಆದ್ದರಿಂದ ಬಟರ್‌ನಟ್‌ನಲ್ಲಿ ಗಂಡು ಹೂವು ಇಲ್ಲದ ದಿನ ಚಂದನ್‌ನದನ್ನು ಬಳಸಬಹುದು. ಕಾಯಿಯ ರುಚಿ ಕೆಡುವುದಿಲ್ಲ, ಬೀಜ ಮಾತ್ರ ಬೆರಕೆಯಾಗುತ್ತದೆ. ಕಬೋಚಾ ಎಂಬ ಜಪಾನಿ ಕುಂಬಳ ಮ್ಯಾಕ್ಸಿಮಾ ಎಂಬ ಬೇರೆ ಪ್ರಭೇದದ್ದಾದ್ದರಿಂದ ಅದಕ್ಕೆ ಅದರದ್ದೇ ಹೂವು ಬೇಕು. ಕಬೋಚಾ ಎಲ್ಲಕ್ಕಿಂತ ಮೊದಲು ಬಲಿಯುತ್ತದೆ, ಆದರೆ ನಮ್ಮ ಬಿಸಿಲನ್ನು ತಾಳುವುದಿಲ್ಲ. ಒಮ್ಮೆ ಜನವರಿ ಕೊನೆಯಲ್ಲಿ ಬಿತ್ತಿದಾಗ ಮಾರ್ಚ್ ಸೆಕೆಗೆ ಬರೀ ಗಂಡು ಹೂವುಗಳೇ ಬಂದವು. ಬೂದಿ ರೋಗವೂ ಅದರ ಎಲೆಗಳ ಮೇಲೆಯೇ ಮೊದಲು ಕಂಡಿತು. ಅಕ್ಟೋಬರ್‌ನಲ್ಲಿ ಬಿತ್ತಿದಾಗ ಗಿಡಕ್ಕೆ ಎರಡು ಕಾಯಿ ನಿಂತವು. ಬಟರ್‌ನಟ್ ನಾಲ್ಕನ್ನು ಕೊಟ್ಟಿತು. ಚಂದನ್ ಎರಡೇ ಕೊಟ್ಟರೂ ಒಂದೊಂದೂ ಎರಡೂವರೆ ಕಿಲೋ ತೂಗಿದ್ದರಿಂದ ಕಾಯಿಗಳಿಗೆ ಬಲೆಯ ಜೋಲಿ ಕಟ್ಟಬೇಕಾಯಿತು.

ಅಡುಗೆಮನೆಯ ತೀರ್ಪು ಅವ್ವನದು. ಬಟರ್‌ನಟ್‌ನ ಕುತ್ತಿಗೆಯಲ್ಲಿ ಬೀಜವಿಲ್ಲದೆ ತಿರುಳೇ ತುಂಬಿರುವುದರಿಂದ ಗಾರಿಗೆಗೆ ತುರಿಯಲು ಅದೇ ಸುಲಭ ಎನ್ನುತ್ತಾರೆ. ಕಬೋಚಾದ ತಿರುಳು ಒಣ, ಗಾರಿಗೆಯ ಹಿಟ್ಟಿಗೆ ನೀರು ಸೇರಿಸಬೇಕಾಗುತ್ತದೆ. ಆದರೆ ಕೊಯ್ದು ತಿಂಗಳು ಇಟ್ಟ ಮೇಲೆ ಅದರ ಸಿಹಿಗೆ ಸಾಟಿಯಿಲ್ಲ ಎಂದೂ ಅವರೇ ಹೇಳುತ್ತಾರೆ. ಹತ್ತು ದಿನ ನೆರಳಿನಲ್ಲಿ ಒಣಗಿಸಿ ಅಟ್ಟಕ್ಕೇರಿಸಿದ ಬಟರ್‌ನಟ್‌ಗಳು ಫೆಬ್ರವರಿಯಿಂದ ಜೂನ್‌ವರೆಗೂ ಕೆಡಲಿಲ್ಲ.

ಕಬೋಚಾದ ಒಂದು ಬೀಜಕ್ಕೆ ನಾನು 12 ರೂಪಾಯಿ ಕೊಟ್ಟಿದ್ದೇನೆ, ಆ ಕಾಯಿಯನ್ನು ಗುರುತಿಸಿ ಕೊಳ್ಳುವವರು ನಮ್ಮ ಸಂತೆಯಲ್ಲಿಲ್ಲ. ಚಂದನ್‌ನ ಬೀಜವನ್ನು ನಾನೇ ಉಳಿಸಿಕೊಳ್ಳಬಹುದು, ಅದಕ್ಕಾಗಿ ಎರಡು ಬಳ್ಳಿಗಳ ಹೂವುಗಳನ್ನು ಚಂದನ್‌ನ ಪರಾಗದಿಂದಲೇ ಸವರಿ ಕೆಂಪು ನೂಲು ಕಟ್ಟಿದ್ದೆ. ಬರುವ ಅಕ್ಟೋಬರ್‌ನಲ್ಲಿ ಒಂದು ಮಡಿ ಪೂರ್ತಿ ಆ ಬೀಜಕ್ಕೆ, ಇನ್ನೊಂದು ಬಟರ್‌ನಟ್‌ಗೆ. ಕಬೋಚಾಕ್ಕೆ ಮೂಲೆಯಲ್ಲಿ ಮೂರು ಗಿಡಗಳ ಜಾಗವನ್ನು ಅವ್ವನ ಸಲುವಾಗಿ ಬಿಟ್ಟಿದ್ದೇನೆ.