ಹೀಟ್ ಪಂಪ್ ಹಾಕಿಸುವವರು ಇದನ್ನು ಓದಿ, ಆಮೇಲೆ ದುಡ್ಡು ಬಿಚ್ಚಿ

ಬರೆಯುವುದೋ ಬೇಡವೋ ಅಂತ ಒಂದು ವಾರ ಸುಮ್ಮನಿದ್ದೆ. ನಾಚಿಕೆಯ ವಿಷಯ. ಆದರೆ ನಿನ್ನೆ ಬದಿಯಡ್ಕ ಪೇಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿ, "ನಿಮ್ಮ ಬಿಸಿನೀರಿನ ಮೆಶಿನ್ ಭಾರೀ ಒಳ್ಳೇದುಂಟಂತಲ್ಲ, ನಾವೂ ಅದೇ ಅಂಗಡಿಯಲ್ಲಿ ಕೇಳಿ ಬಂದೆವು" ಅಂದರು. ಒಳ್ಳೇದುಂಟು ಅಂತ ಊರಿಡೀ ಹೇಳಿಕೊಂಡು ತಿರುಗಿದವನು ನಾನೇ. ಹಾಗಾಗಿ ಈಗ ಬರೆಯದೆ ಉಪಾಯವಿಲ್ಲ.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ತೋಟದ ಮನೆ, ಆರು ಜನ. ಅಜ್ಜನ ಕಾಲದಿಂದಲೂ ಬಚ್ಚಲಿನಲ್ಲಿ ಕಟ್ಟಿದ ಒಲೆ, ಅದರ ಮೇಲೆ ತಾಮ್ರದ ಹಂಡೆ. ಮಡಲು, ಕೊತ್ತಳಿಗೆ, ಗೆರಟೆ, ಅಡಿಕೆ ಸಿಪ್ಪೆ ಎಲ್ಲ ಬೇಕಾದಷ್ಟು ಉಂಟು, ಅದನ್ನು ಹೆಕ್ಕಿ ತಂದು ಹಾಕಲು ಜನ ಇಲ್ಲ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಅಮ್ಮನಿಗೆ ಕೆಮ್ಮು. ಸೋಲಾರ್ ಹಾಕಿಸುವ ಅಂದರೆ ಮನೆಯ ಮೂರು ಬದಿ ತೆಂಗು, ಮಾಡಿಗೆ ಬಿಸಿಲು ಬೀಳುವಾಗ ಗಂಟೆ ಹನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಇಲ್ಲ, ಸೋಲಾರಿನ ಒಳಗಿನ ಕರೆಂಟಿನ ಕಾಯಿಲ್ಲೇ ಗತಿ. ಮತ್ತೆ ಸೋಲಾರ್ ಯಾಕೆ?

ಹೀಗೆ ಹೀಟ್ ಪಂಪಿನ ಆಲೋಚನೆ ಬಂತು. ಆಲೋಚನೆ ತಪ್ಪಲ್ಲ, ಈಗಲೂ ಹೇಳುತ್ತೇನೆ. ಫ್ರಿಜ್ಜು ಒಳಗಿನ ಬಿಸಿಯನ್ನು ಹೊರಗೆ ಹಾಕುವ ಹಾಗೆ ಇದು ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಹಾಕುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟಿನಷ್ಟು ಬಿಸಿ ಸಿಗುತ್ತದೆ. ನಮ್ಮ ಊರಿನ ಈ ಸೆಕೆ, ಈ ಅಂಟು ಹವೆ ಅದಕ್ಕೆ ಹೇಳಿ ಮಾಡಿಸಿದ್ದು. 200 ಲೀಟರ್ ನೀರನ್ನು 27 ಡಿಗ್ರಿಯಿಂದ 55ಕ್ಕೆ ಏರಿಸಲು ಗೀಸರಿಗೆ ಆರೂವರೆ ಯೂನಿಟ್ ಬೇಕು, ಇದಕ್ಕೆ ಎರಡು ಚಿಲ್ಲರೆ ಸಾಕು. ಅಂಗಡಿಯವನು ಹೇಳಿದ್ದೂ ಇದನ್ನೇ. ಅಷ್ಟರ ಮಟ್ಟಿಗೆ ಅವನು ಸುಳ್ಳು ಹೇಳಲಿಲ್ಲ.

ಕೇರಳದ ಕರೆಂಟು ಮಂಡಳಿ ಕೆಎಸ್ಇಬಿಯ ಬಿಲ್ಲು ಎರಡು ತಿಂಗಳಿಗೊಮ್ಮೆ ಅಂತ ಗೊತ್ತಲ್ಲ. ತಿಂಗಳಿಗೆ 250 ಯೂನಿಟ್ ದಾಟಿದರೆ ಸ್ಲ್ಯಾಬ್ ಲೆಕ್ಕ ಹೋಯಿತು, ಮೊದಲನೇ ಯೂನಿಟಿನಿಂದಲೇ ದುಬಾರಿ ರೇಟು. ನಮ್ಮದು ಎರಡು ತಿಂಗಳಿಗೆ 340ರ ಆಸುಪಾಸು. ಅವನು ಜೇಬಿನಿಂದ ಪೆನ್ನು ತೆಗೆದು ನಮ್ಮ ಬಿಲ್ಲಿನ ಹಿಂದೆಯೇ ಬರೆದ, 340ಕ್ಕೆ ಮೆಶಿನಿನ 130 ಸೇರಿಸಿದರೆ 470. ಕೆಳಗೆ ಎರಡು ಗೀಟು ಎಳೆದ. "500 ದಾಟಿದರೆ ನನ್ನ ಹೆಸರು ಬೇರೆ ಇಡಿ ಅಣ್ಣಾ." ಆ ಕಾಗದ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿ ಉಂಟು.

ವಿಷು ಆಫರಿನಲ್ಲಿ ಒಟ್ಟು 1,22,000. ಬಿಲ್ಲು ಬೇಡ ಅಂದರೆ 8,000 ಕಡಿಮೆ. ಬೇಡ ಅಂದೆ. ಹೌದು, ಬೇಡ ಅಂದೆ, ಬೈಯುವವರು ಬೈಯಿರಿ. ಹಂಡೆ ಎಕ್ಸ್‌ಚೇಂಜಿಗೆ ಕೊಟ್ಟರೆ ಇನ್ನೂ 3,000 ಕಡಿಮೆ ಅಂದ. ಅಮ್ಮ "ಹಂಡೆ ಇರಲಿ ಮಗಾ" ಅಂದರು. ನಾನು ಕೇಳಲಿಲ್ಲ. ಅವನ ಹುಡುಗರು ಹಾರೆಯಲ್ಲಿ ಒಲೆ ಒಡೆದು ಹಂಡೆ ಎಬ್ಬಿಸಿದರು. ಹೊರಗೆ ಬೆರಳು ದಪ್ಪ ಮಸಿ, ಒಳಗೆ ಹುಣಿಸೆಹುಳಿ ಹಾಕಿ ಉಜ್ಜಿದ ಹೊಳಪು. ಎತ್ತಲು ಇಬ್ಬರು ಬೇಕಾಯಿತು. ಹನ್ನೊಂದು ಕೆಜಿಗೆ ಕಡಿಮೆ ಇರಲಿಲ್ಲ. ಆಮೇಲೆ ಗುಜರಿಯವನನ್ನು ಕೇಳಿದರೆ "ಹಳೇ ತಾಮ್ರ ಕೆಜಿಗೆ ಏಳುನೂರು ನಾನೇ ಕೊಡ್ತಿದ್ದೆ" ಅಂದ. ಲೆಕ್ಕ ನೀವೇ ಹಾಕಿ, ನನಗೆ ಹಾಕಲು ಮನಸ್ಸಿಲ್ಲ.

ಮೆಶಿನ್ ಬಂದದ್ದು ಪಿಕಪ್ಪಿನಲ್ಲಿ, ಅಡ್ಡ ಮಲಗಿಸಿಕೊಂಡು. ಇದನ್ನು ನೆನಪಿಡಿ. ಇಳಿಸಿ, ಬಚ್ಚಲಿನ ಹಿಂದಿನ ಸಣ್ಣ ಕೋಣೆಯಲ್ಲಿ ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಸ್ವಿಚ್ ಹಾಕಿದರು. ಗರ್ರ್ ಅಂತ ಒಂದು ಶಬ್ದ, ಮತ್ತೆ ನಿಂತಿತು. ಹುಡುಗ ಡಿಸ್‌ಪ್ಲೇಯಲ್ಲಿ ಏನೋ ಒತ್ತಿದ. ಅಂಕುಡೊಂಕು ಗೀಟಿನ ಒಂದು ಚಿತ್ರ ಬಂತು. "ಆಯ್ತು ಅಣ್ಣಾ, ಇನ್ನು ಯಾವುದನ್ನೂ ಮುಟ್ಟಬೇಡಿ."

ಸಂಜೆ ಕೈ ಸುಡುವ ನೀರು. ಮನೆಯಲ್ಲಿ ಹಬ್ಬ. ಸದ್ದೇ ಇಲ್ಲ ಮಾರಾಯ್ರೆ! ಫ್ಯಾನು ಉಂಟು, ಕಂಪ್ರೆಸರ್ ಉಂಟು, ಆದರೂ ಸದ್ದಿಲ್ಲ. ನೆಂಟರು ಬಂದಾಗ ಹಿಂದಿನ ಕೋಣೆಗೆ ಕರಕೊಂಡು ಹೋಗಿ "ಕಿವಿ ಕೊಟ್ಟು ನೋಡಿ, ಓಡ್ತಾ ಉಂಟು ಅಂತ ಗೊತ್ತೇ ಆಗುವುದಿಲ್ಲ" ಅಂತ ತೋರಿಸಿದ್ದೇನೆ. ಎಷ್ಟು ಜನಕ್ಕೆ ತೋರಿಸಿದ್ದೇನೆ ಅಂತ ಈಗ ರಾತ್ರಿ ಮಲಗಿ ಎಣಿಸುತ್ತೇನೆ.

ಮುಂದಿನ ಬಿಲ್ಲು 742 ಯೂನಿಟ್. ಎರಡು ಸಾವಿರದ ಒಳಗೆ ಬರುತ್ತಿದ್ದದ್ದು ಆರು ಸಾವಿರ ದಾಟಿತು. ಫೋನ್ ಮಾಡಿದೆ.

"ಬಿಸಿನೀರು ಬರ್ತಾ ಉಂಟಲ್ಲ?"

"ಬರ್ತದೆ."

"ಮತ್ತೆಂತ ಪ್ರಾಬ್ಲಂ ಸಾರ್?"

ಅಣ್ಣಾ ಹೋಗಿ ಸಾರ್ ಆದದ್ದು ಅವತ್ತು. ಫ್ರಿಜ್ಜು ನೋಡಿ ಅಂದ, ಪಂಪು ನೋಡಿ ಅಂದ, ಮೀಟರು ಓಡುತ್ತಿರಬಹುದು ಅಂದ. ನಾನು ಮೂರನ್ನೂ ನೋಡಿಸಿದೆ. ಪಂಪಿನ ವೈರಿಂಗ್ ಬದಲಿಸಿದೆ ಕೂಡ, ಅದಕ್ಕೆ 2,400. ಮೆಶಿನ್ ಮೇಲೆ ಒಂದು ಚೂರೂ ಸಂಶಯ ಬರಲಿಲ್ಲ. ಬಿಸಿನೀರು ಬರುತ್ತಿತ್ತಲ್ಲ!

ನಡು ಮಳೆಗಾಲದ ಆಟಿ ತಿಂಗಳಲ್ಲಿ ವಿಟ್ಲದಿಂದ ಭಾವ ಬಂದರು. ಅವರ ಮನೆಯಲ್ಲೂ ಹೀಟ್ ಪಂಪ್ ಉಂಟು, ಬೇರೆ ಕಡೆ ತಕೊಂಡದ್ದು. ನಾನು ಎಂದಿನಂತೆ ಹಿಂದಿನ ಕೋಣೆಗೆ ಕರಕೊಂಡು ಹೋದೆ. ಕಿವಿ ಕೊಡಿ ಅಂದೆ. ಅವರು ಕಿವಿ ಕೊಡಲಿಲ್ಲ. ಬಗ್ಗಿ ಮೆಶಿನಿನ ಎದುರು ಅಂಗೈ ಹಿಡಿದರು. ಮತ್ತೆ ನೆಲ ನೋಡಿದರು, ಒಣ ನೆಲ. ಹಿಂದಿನಿಂದ ಇಳಿಬಿಟ್ಟ ಸಪೂರ ಪೈಪಿನ ತುದಿಗೆ ಜೇಡ ಬಲೆ ಕಟ್ಟಿತ್ತು. ಅದನ್ನು ಬೆರಳಿನಲ್ಲಿ ತೆಗೆದು ನನ್ನ ಮುಖ ನೋಡಿದರು.

"ಭಾವ, ಇದು ಸತ್ತಿದೆಯಲ್ಲ?"

ಹೀಟ್ ಪಂಪ್ ಓಡುವಾಗ ತಣ್ಣನೆ ಗಾಳಿ ಬರಬೇಕಂತೆ, ಆ ಪೈಪಿನಲ್ಲಿ ನೀರು ತೊಟ್ಟಿಕ್ಕಬೇಕಂತೆ. ನಮ್ಮ ಮಳೆಗಾಲದ ಹವೆಗೆ ಬಕೆಟ್ ಇಡಬೇಕಾಗುತ್ತದಂತೆ. ನನ್ನದರಲ್ಲಿ ಮೂರು ತಿಂಗಳಿಂದ ಜೇಡ ಸಂಸಾರ ಮಾಡಿತ್ತು.

ಎಲೆಕ್ಟ್ರಿಷಿಯನ್ ಬಂದು ಕರೆಂಟು ಎಷ್ಟು ಎಳೆಯುತ್ತದೆ ಅಂತ ನೋಡಲು ಕ್ಲ್ಯಾಂಪ್ ಮೀಟರ್ ಹಾಕಿದ. ನಾಲ್ಕು ಆಂಪಿಯರ್ ಆಸುಪಾಸು ಇರಬೇಕಾದಲ್ಲಿ 8.6. ಅಂದರೆ ಎರಡು ಕಿಲೋವಾಟ್. ಒಳಗೆ ಬ್ಯಾಕಪ್ಪಿಗೆ ಅಂತ ಇಟ್ಟ ಹೀಟರ್ ಕಾಯಿಲ್ ಒಂದೇ ಓಡುತ್ತಿತ್ತು. ಆ ಅಂಕುಡೊಂಕು ಗೀಟಿನ ಚಿತ್ರ ಉಂಟಲ್ಲ, ನಾನು ಬಿಸಿನೀರಿನ ಹಬೆ ಅಂದುಕೊಂಡದ್ದು, ಅದು ಕಾಯಿಲಿನ ಗುರುತು. ಮಲಗಿಸಿ ತಂದದ್ದನ್ನು ಕೆಲವು ಗಂಟೆ ನಿಲ್ಲಿಸಿಯೇ ಚಾಲೂ ಮಾಡಬೇಕು, ಕಂಪ್ರೆಸರಿನ ಎಣ್ಣೆ ಇಳಿಯಬೇಕು. ನಿಲ್ಲಿಸಲಿಲ್ಲ, ಮೊದಲ ದಿನವೇ ಕಂಪ್ರೆಸರ್ ಹೋಯಿತು, ಹುಡುಗ ಕಾಯಿಲಿಗೆ ಹಾಕಿ ಹೋದ. ಅಂದರೆ ನಾನು ಲಕ್ಷ ಚಿಲ್ಲರೆ ಕೊಟ್ಟು ತಕೊಂಡದ್ದು ಒಂದು ದೊಡ್ಡ ಗೀಸರ್. ಸದ್ದಿಲ್ಲದ ಗೀಸರ್! ನೆಂಟರಿಗೆಲ್ಲ ತೋರಿಸಿದ್ದು ಅದನ್ನು.

ಮತ್ತೆ ಫೋನ್. ಮೊದಲು "ನಿಮ್ಮಲ್ಲಿ ವೋಲ್ಟೇಜ್ ಇಲ್ಲ ಸಾರ್, ಸ್ಟೆಬಿಲೈಸರ್ ಹಾಕಬೇಕಿತ್ತು." ಹಾಕಿ ಅಂತ ಯಾವಾಗ ಹೇಳಿದ್ದ? ಆಮೇಲೆ "ಬೋರ್‌ವೆಲ್ ನೀರಿಗೆ ವಾರಂಟಿ ಇಲ್ಲ." ನಮ್ಮದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮಾರಾಯ, ಬೋರು ತೋಡಿಸಿಯೇ ಇಲ್ಲ. ಆಮೇಲೆ "ಸಣ್ಣ ಕೋಣೆಯಲ್ಲಿ ಇಟ್ಟಿದ್ದೀರಿ, ಗಾಳಿ ಸಾಲದು." ಜಾಗ ತೋರಿಸಿದವನು ಅವನೇ! ಕೊನೆಗೆ ಕಸ್ಟಮರ್ ಕೇರ್ ನಂಬರ್ ಕೊಟ್ಟ. ಮಾರುವಾಗ ಕನ್ನಡ, ತುಳು ಎರಡರಲ್ಲೂ ಬೆಣ್ಣೆ. ದೂರು ಹೇಳಲು ಮಾತ್ರ ಹಿಂದಿ. ಅಲ್ಲಿ ಕೇಳಿದ್ದು ಬಿಲ್ಲಿನ ನಂಬರ್. ಬಿಲ್ಲು ಎಲ್ಲಿ? ವಾರಂಟಿ ಕಾರ್ಡಿನಲ್ಲಿ ಸೀಲೂ ಇಲ್ಲ, ತಾರೀಕೂ ಇಲ್ಲ. ದೊಡ್ಡದಾಗಿ ಬರೆದ 5 ವರ್ಷ ಟ್ಯಾಂಕಿಗೆ ಮಾತ್ರ, ಕಂಪ್ರೆಸರಿಗೆ 1 ವರ್ಷ, ಅದು ಸಣ್ಣ ಅಕ್ಷರದಲ್ಲಿ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ಅವರೂ ಮರ್ಯಾದೆಯಿಂದಲೇ ಕೇಳಿದರು, ಬಿಲ್ಲು ಉಂಟಾ ಅಂತ.

8,000 ಉಳಿಸಿದ್ದೆನಲ್ಲ.

ಹಾಕಿಸುವವರು ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಬಿಲ್ಲು ತಕೊಳ್ಳಿ. ಮಲಗಿಸಿ ತಂದರೆ ಇಳಿಸಲು ಬಿಡಬೇಡಿ. ಚಾಲೂ ಮಾಡಿದ ದಿನ ಹುಡುಗರನ್ನು ಕೂರಿಸಿ ಚಾ ಕೊಡಿ, ಗಾಳಿ ತಣ್ಣಗೆ ಬಂದು, ಪೈಪಿನಲ್ಲಿ ನೀರು ಬಿದ್ದ ಮೇಲೆಯೇ ಉಳಿದ ದುಡ್ಡು ಕೊಡಿ. ಕಾಯಿಲಿನ ಗುರುತು ಯಾವುದು ಅಂತ ಕೇಳಿ. ಹಾಂ, ಇದೆಲ್ಲ ಬೇಡ, ಐದು ಸ್ಟಾರಿನ ಗೀಸರ್ ಸಾಕು ಅನ್ನುವವರಿಗೆ ಒಂದು ಮಾತು. ಆ ಸ್ಟಾರು ಕೊಡುವುದು ಟ್ಯಾಂಕಿನ ಬಿಸಿ ಆರದ ಹಾಗೆ ಹಿಡಿದಿಡುವುದಕ್ಕೆ. ನೀರು ಕಾಯಿಸಲು ಬೇಕಾದ ಕರೆಂಟು ಬೇಕೇ ಬೇಕು. ಮತ್ತೆ ಹಂಡೆ ಯಾರಿಗೂ ಕೊಡಬೇಡಿ, ಯಾರಿಗೂ.

ಕಂಪ್ರೆಸರ್ ಬದಲಿಸಲು 28,000 ಅಂತೆ. ಸದ್ಯಕ್ಕೆ ಮೆಶಿನಿಗೆ ಗೋಣಿ ಹೊದೆಸಿ, ಒಲೆ ಪುನಃ ಕಟ್ಟಿಸಿದ್ದೇನೆ. ಮೇಲೆ ಅಲ್ಯೂಮಿನಿಯಂ ಪಾತ್ರೆ. ಅಮ್ಮ ಏನೂ ಹೇಳುವುದಿಲ್ಲ, ಬೆಳಿಗ್ಗೆ ನೀರು ತೋಡುವಾಗ ಪಾತ್ರೆಗೆ ಚೆಂಬು ಸ್ವಲ್ಪ ಜೋರಾಗಿ ತಾಗಿಸುತ್ತಾರೆ ಅಷ್ಟೆ. ಹಂಡೆಯನ್ನಾದರೂ ವಾಪಸು ಕೊಡು, 3,000 ತಕೋ ಅಂತ ಅವನಿಗೆ ಮೆಸೇಜು ಹಾಕಿದ್ದೆ. ಎರಡು ನೀಲಿ ಟಿಕ್ಕು ಬಂತು, ಉತ್ತರ ಬರಲಿಲ್ಲ.

ಮೊನ್ನೆ ಬಂತು. ಓಣಂ ಆಫರಿನ ಫೋಟೋ, ಇನ್ವರ್ಟರ್ ಎಸಿ. ಕೆಳಗೆ "ಒಮ್ಮೆ ಅಂಗಡಿಗೆ ಬನ್ನಿ ಅಣ್ಣಾ" ಅಂತ.