ಪೆಟ್ಟಿಗೆಯಲ್ಲಿ ಬರುವ ಹಳೆಯ ತರಕಾರಿಗಳು: ಸರಕು ಉತ್ತಮ, ಚೀಟಿ ಅರೆಬರೆ

ಅಂಗಡಿಗಳಲ್ಲಿ ಅಪರೂಪವಾಗುತ್ತಿರುವ ತರಕಾರಿಗಳನ್ನು ಹದಿನೈದು ದಿನಕ್ಕೊಮ್ಮೆ ಮನೆಗೆ ತಲುಪಿಸುವ ಸೇವೆಯೊಂದಕ್ಕೆ ನಾನು ಚಂದಾದಾರನಾಗಿ 3 ತಿಂಗಳಾಯಿತು. ಈವರೆಗೆ ಬಂದ 6 ಪೆಟ್ಟಿಗೆಗಳಲ್ಲಿ ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಬಾಳೆಹೂವು, ಮಡಹಾಗಲಕಾಯಿ ಮತ್ತು ತುಪ್ಪದ ಹೀರೆಕಾಯಿ ಇದ್ದವು. ಪ್ರತಿಯೊಂದರ ಜೊತೆಗೂ ಅಡುಗೆಯ ವಿಧಾನ ಮುದ್ರಿಸಿದ ಚೀಟಿಯಿತ್ತು.

ಸರಕಿನ ಬಗ್ಗೆ ದೂರು ಕಡಿಮೆ. ಸುವರ್ಣಗೆಡ್ಡೆಯನ್ನು ತೊಳೆಯದೆ, ಒಣಮಣ್ಣು ಅಂಟಿಕೊಂಡಿರುವಂತೆಯೇ ಕಳುಹಿಸುತ್ತಾರೆ. ನೋಡಲು ಒರಟಾಗಿ ಕಂಡರೂ ಇದೇ ಸರಿಯಾದ ಕ್ರಮ, ಏಕೆಂದರೆ ತೊಳೆದು ತೇವ ಉಳಿದ ಗೆಡ್ಡೆ ಬೇಗ ಕೊಳೆಯುತ್ತದೆ. ಮಡಹಾಗಲಕಾಯಿಗಳು ಎಳೆಯವಾಗಿದ್ದು, ಒಳಗಿನ ಬೀಜ ಹಲ್ಲಿಗೆ ಸಿಕ್ಕರೂ ತಿಳಿಯದಷ್ಟು ಮೆತ್ತಗಿದ್ದವು. ಈ ಬಳ್ಳಿಯಲ್ಲಿ ಗಂಡು, ಹೆಣ್ಣು ಬೇರೆಬೇರೆ. ಗಂಡುಬಳ್ಳಿ ಹೂ ಬಿಡುತ್ತದೆಯೇ ಹೊರತು ಕಾಯಿ ಬಿಡುವುದಿಲ್ಲ. ಹಾಗಾಗಿ ಪ್ರತಿ ಪೆಟ್ಟಿಗೆಯಲ್ಲೂ ಇವು ಒಂದು ಹಿಡಿಯಷ್ಟೇ ಇದ್ದುದಕ್ಕೆ ನಾನು ಬೇಸರಪಡಲಿಲ್ಲ.

ತೊಂದರೆ ಇರುವುದು ಚೀಟಿಯಲ್ಲಿ. ಸುವರ್ಣಗೆಡ್ಡೆಯ ಚೀಟಿಯಲ್ಲಿ 'ಸಿಪ್ಪೆ ತೆಗೆದು, ತೊಳೆದು, ಹೆಚ್ಚಿ, 10 ನಿಮಿಷ ಹುರಿಯಿರಿ' ಎಂದಷ್ಟೇ ಇತ್ತು. ಹಾಗೆಯೇ ಮಾಡಿದೆ, ಒದ್ದೆ ಕೈಯಲ್ಲಿ ಹೆಚ್ಚಿದ್ದರಿಂದ ಮಣಿಕಟ್ಟಿನವರೆಗೆ ಏರಿದ ತುರಿಕೆ ಸಂಜೆಯಾದರೂ ಇಳಿಯಲಿಲ್ಲ, ಊಟ ಮಾಡಿದ ಮೇಲೆ ಗಂಟಲೂ ಕೆರೆಯಿತು. ಈ ಗೆಡ್ಡೆಯಲ್ಲಿಯೂ ಕೆಸುವಿನಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿರುತ್ತವೆ, ಅವು ಚರ್ಮವನ್ನೂ ನಾಲಗೆಯನ್ನೂ ಚುಚ್ಚುತ್ತವೆ. ಒಣಗಿದ ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಹುಣಸೆಹುಳಿ ಹಾಕಿದ ನೀರಿನಲ್ಲಿ ಚಾಕು ತಡೆಯಿಲ್ಲದೆ ಇಳಿಯುವಷ್ಟು ಬೇಯಿಸಿ, ಆ ನೀರನ್ನು ಬಸಿದು, ಅನಂತರ ಹುರಿಯಬೇಕಿತ್ತು. ಎರಡನೆಯ ಪೆಟ್ಟಿಗೆಯ ಗೆಡ್ಡೆಯನ್ನು ಹೀಗೆ ಮಾಡಿದಾಗ ಹೊರಗೆ ಗರಿಗರಿಯಾಗಿ, ಒಳಗೆ ಬೆಣ್ಣೆಯಂತೆ ಬಂದಿತು. ಕೆರೆತದ ಸುಳಿವೂ ಇರಲಿಲ್ಲ.

ಬಾಳೆಹೂವಿನ ಚೀಟಿಯೂ ಇದೇ ಜಾತಿಯದು. 'ನಾರು ತೆಗೆಯಿರಿ' ಎಂಬ ಒಂದೇ ಮಾತಿನಿಂದ ಹೊಸಬರಿಗೆ ಏನು ತಿಳಿದೀತು? ಪ್ರತಿಯೊಂದು ಕಿರುಹೂವಿನ ನಡುವೆ ಗುಂಡುಸೂಜಿಯಂತೆ ತಲೆಯುಳ್ಳ ಗಟ್ಟಿಯಾದ ಎಳೆಯೊಂದಿರುತ್ತದೆ, ಬುಡದಲ್ಲಿ ತೆಳುವಾದ ಪಾರದರ್ಶಕ ಪೊರೆಯೊಂದಿರುತ್ತದೆ. ಎಷ್ಟು ಬೇಯಿಸಿದರೂ ಇವೆರಡೂ ಮೆತ್ತಗಾಗುವುದಿಲ್ಲವಾದ್ದರಿಂದ ಒಂದೊಂದನ್ನೇ ಕಿತ್ತು ತೆಗೆಯಬೇಕು. ಹೆಚ್ಚಿದ್ದನ್ನು ಕೂಡಲೇ ಮಜ್ಜಿಗೆಯಲ್ಲೋ ನಿಂಬೆರಸದ ನೀರಿನಲ್ಲೋ ಹಾಕದಿದ್ದರೆ ಕಪ್ಪಾಗುತ್ತದೆ. ಒಂದು ಹೂವಿಗೆ ನನಗೆ 40 ನಿಮಿಷ ಹಿಡಿಯಿತು, ಆದರೆ ಚೀಟಿಯ ತಲೆಯಲ್ಲಿ 'ತಯಾರಿ 10 ನಿಮಿಷ' ಎಂದು ಅಚ್ಚಾಗಿದೆ. ಬರೆದವರು ಬಾಳೆಹೂವನ್ನು ಬಿಡಿಸಿ ನೋಡಿದಂತಿಲ್ಲ.

ಐದನೆಯ ಪೆಟ್ಟಿಗೆಯ ತುಪ್ಪದ ಹೀರೆ ಬಲಿತು ನಾರಾಗಿತ್ತು. ಅದು ಒಣಗಿ ಈಗ ಪಾತ್ರೆ ಉಜ್ಜುತ್ತಿದೆ. ತಿಳಿಸಿದಾಗ ವಾದಿಸದೆ ಮುಂದಿನ ಬಾರಿ ಎಳೆಯ ಕಾಯಿ ಕಳುಹಿಸಿದರು. ಚೀಟಿಯ ತಪ್ಪುಗಳ ಬಗ್ಗೆ ಎರಡು ಬಾರಿ ಬರೆದರೂ ಉತ್ತರ ಬಂದಿಲ್ಲ.

ಚಂದಾ ನವೀಕರಿಸಿದ್ದೇನೆ. ಈ ತರಕಾರಿಗಳನ್ನು ಮನೆಯಲ್ಲಿ ಯಾರಾದರೂ ಅಡುಗೆ ಮಾಡುವುದನ್ನು ಕಂಡಿರುವವರು ಧೈರ್ಯವಾಗಿ ತರಿಸಿಕೊಳ್ಳಬಹುದು. ಮೊದಲ ಬಾರಿಗೆ ಕೊಳ್ಳುವವರು, ಬೇಡವಾದ ಎರಡು ತರಕಾರಿಗಳನ್ನು ಗುರುತಿಸಲು ಇರುವ ಅವಕಾಶವನ್ನು ಬಳಸಿಕೊಂಡು ಗೆಡ್ಡೆಗಳನ್ನು ಬಿಟ್ಟು ಮಡಹಾಗಲಕಾಯಿಯಿಂದ ಆರಂಭಿಸುವುದು ಒಳ್ಳೆಯದು.